ಎಲ್ಲರಿಗೂ ಒಂದಿಷ್ಟು ಗೊತ್ತಿತ್ತು

2024ರ ಏಪ್ರಿಲ್ 3ರ ರಾತ್ರಿ ನಮ್ಮ ಹಾಸ್ಟೆಲಿನಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಇಂಡಿ ತಾಲ್ಲೂಕಿನ ಲಚ್ಯಾಣ ಗ್ರಾಮದಲ್ಲಿ ಪುಟ್ಟ ಕೂಸೊಂದು ತೆರೆದ ಕೊಳವೆಬಾವಿಗೆ ಬಿದ್ದಿತ್ತು. ನಾನು ಆಗ ವಿಜಯಪುರದಲ್ಲಿ ಬಿಇ ಮೊದಲ ವರ್ಷದಲ್ಲಿದ್ದೆ. ನಮ್ಮೂರೂ ಇಂಡಿ ತಾಲ್ಲೂಕಿನದೇ. ಹಾಗಾಗಿ ಎಲ್ಲರೂ ನನ್ನ ರೂಮಿಗೆ ಬಂದು, ಒಂದೇ ಮೊಬೈಲಿನ ಸುತ್ತ ತಲೆಗೆ ತಲೆ ತಾಗಿಸಿ ಲೈವ್ ನೋಡುತ್ತ ಕುಳಿತಿದ್ದರು.

ಆ ರಾತ್ರಿ ಲಚ್ಯಾಣದ ಹೊಲದಲ್ಲಿ ಯಾರಿರಲಿಲ್ಲ ಹೇಳಿ? ಪೊಲೀಸರು, ಅಗ್ನಿಶಾಮಕ ದಳ, ಕಂದಾಯ ಇಲಾಖೆ, ವೈದ್ಯರು, ಆಂಬುಲೆನ್ಸ್, ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಪಡೆಯ ತಂಡಗಳು, ಜೆಸಿಬಿ ಚಾಲಕರು, ಊರ ಜನ. ಒಬ್ಬರು ಕೊಳವೆಯೊಳಗೆ ಆಮ್ಲಜನಕ ಬಿಡುತ್ತಿದ್ದರು, ಇನ್ನೊಬ್ಬರು ಕ್ಯಾಮೆರಾ ಇಳಿಸಿ ನೋಡುತ್ತಿದ್ದರು, ಮತ್ತೊಬ್ಬರು ಪಕ್ಕದಲ್ಲೇ ಗುಂಡಿ ತೋಡುತ್ತಿದ್ದರು. ಬಂಡೆ ಅಡ್ಡ ಬಂತು. ಕೆಲಸ ನಿಲ್ಲಲಿಲ್ಲ. ಸುಮಾರು 20 ಗಂಟೆಗಳ ಬಳಿಕ, ಮರುದಿನ ಮಧ್ಯಾಹ್ನ, ಆ ಕೂಸು ಜೀವಂತವಾಗಿ ಹೊರಬಂತು. ನಮ್ಮ ಹಾಸ್ಟೆಲಿನಲ್ಲಿ ಸಿಳ್ಳೆ, ಚಪ್ಪಾಳೆ. ಗೆಳೆಯನೊಬ್ಬ ಅತ್ತೇಬಿಟ್ಟ.

ನಾನೂ ಚಪ್ಪಾಳೆ ಹೊಡೆದೆ. ಆದರೆ ಎಲ್ಲರೂ ಎದ್ದುಹೋದ ಮೇಲೆ ಒಬ್ಬ ಹುಡುಗ ನೆನಪಾದ. ಅವನಿಗಾಗಿ ಯಾವ ಇಲಾಖೆಯ ಗಾಡಿಯೂ ನಮ್ಮೂರಿಗೆ ಬಂದಿರಲಿಲ್ಲ. ಯಾಕೆಂದರೆ ಅವನು ಬಿದ್ದ ಬಾವಿ ಹೊಲದಲ್ಲಿರಲಿಲ್ಲ, ಮನೆಯೊಳಗಿತ್ತು.

ಅವನನ್ನು ಇಲ್ಲಿ ಶಿವು ಎಂದು ಕರೆಯುತ್ತೇನೆ. ಅದು ಅವನ ಹೆಸರಲ್ಲ. ಏಳನೇ ತರಗತಿಯಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದ. ಅವನ ಅಪ್ಪ ಅವ್ವ ಪ್ರತಿವರ್ಷ ಮುಂಗಡ ಹಣ ಪಡೆದು, ದೀಪಾವಳಿ ಹೊತ್ತಿಗೆ ಕಬ್ಬಿನ ಗ್ಯಾಂಗಿನ ಜೊತೆ ಹೊರಟುಬಿಡುತ್ತಿದ್ದರು. ಬರುತ್ತಿದ್ದುದು ಯುಗಾದಿ ಹತ್ತಿರವಾದಾಗ. ಅಲ್ಲಿಯವರೆಗೆ ಶಿವು ದೊಡ್ಡಪ್ಪನ ಮನೆಯಲ್ಲಿ. ಮಗನ ಶಾಲೆ ತಪ್ಪಬಾರದು ಎಂದೇ ಅವರು ಅವನನ್ನು ಬಿಟ್ಟುಹೋಗುತ್ತಿದ್ದುದು. ನಮ್ಮ ಭಾಗದಲ್ಲಿ ಇದು ಹೊಸದೇನಲ್ಲ. ಗೋವಾ, ಮಂಗಳೂರು, ಪುಣೆ ಎಂದು ದುಡಿಯಲು ಹೋಗುವವರು, ಕಬ್ಬಿನ ಕಟಾವಿಗೆ ಹೋಗುವವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಓಣಿ ಓಣಿಯಲ್ಲೂ ಸಿಗುತ್ತಾರೆ. ಅವರ ಮಕ್ಕಳು ಆಯಿಯ ಬಳಿಯೋ ಕಾಕಾನ ಬಳಿಯೋ ಉಳಿಯುತ್ತಾರೆ. ಬಹುಪಾಲು ಮಕ್ಕಳು ಪ್ರೀತಿಯಿಂದಲೇ ಬೆಳೆಯುತ್ತಾರೆ. ಶಿವು ಆ ಬಹುಪಾಲಿನಲ್ಲಿ ಇರಲಿಲ್ಲ.

ಈಗ ಕುಳಿತು ಲೆಕ್ಕ ಹಾಕಿದರೆ ಅವನ ವಿಷಯ ಎಷ್ಟು ಜನರಿಗೆ ಗೊತ್ತಿತ್ತು ಎಂದು ಆಶ್ಚರ್ಯವಾಗುತ್ತದೆ. ಅವನು ತರಗತಿಯಲ್ಲಿ ತೂಕಡಿಸುವುದು ಅಕ್ಕೋರಿಗೆ ಗೊತ್ತಿತ್ತು. ಸೋಮವಾರ ಬಿಸಿಯೂಟಕ್ಕೆ ಕೂತಾಗ ಎರಡು ದಿನ ಉಂಡೇ ಇಲ್ಲದವನಂತೆ ಅನ್ನ ನುಂಗುವುದು ಅಡುಗೆ ಮಾಡುವ ದೊಡ್ಡವ್ವನಿಗೆ ಗೊತ್ತಿತ್ತು. ಅಂಗೈಯ ಸುಟ್ಟ ಗಾಯಕ್ಕೆ ಮುಲಾಮು ಹಚ್ಚಿದ್ದು ಆಶಾ ಕಾರ್ಯಕರ್ತೆ. ‘ಒಲಿ ಮುಂದ ಕುಂತಾಗ ಆತು’ ಎಂದು ಅವನು ಹೇಳಿದ್ದನ್ನು ಅವರು ನಂಬಿದರು, ಅಥವಾ ನಂಬಿದಂತೆ ಮಾಡಿದರು. ರಾತ್ರಿ ಹೊತ್ತು ಅವನು ಚೀರುವುದು ಗೋಡೆಯಾಚೆಯ ಮನೆಯವರಿಗೆ ಕೇಳುತ್ತಿತ್ತು. ಇನ್ನು ನಾನು? ಏಪ್ರಿಲ್ ಬಿಸಿಲಲ್ಲೂ ಅವನು ತುಂಬುತೋಳಿನ ಅಂಗಿ ಹಾಕುತ್ತಿದ್ದುದು ಯಾಕೆಂದು ನನಗೆ ಗೊತ್ತಿತ್ತು. ಹೊಲದ ಬಾವಿಗೆ ಈಜಲು ಹೋದಾಗ ಒಮ್ಮೆ ಅಂಗಿ ಬಿಚ್ಚಿದ್ದ. ಬೆನ್ನ ಮೇಲೆ ಬಾರುಕೋಲಿನ ಬಾಸುಂಡೆಗಳು. ನಾನು ನೋಡಿದ್ದನ್ನು ಅವನು ನೋಡಿದ. ಇಬ್ಬರೂ ಮಾತಾಡಲಿಲ್ಲ. ನೀರಿಗೆ ಜಿಗಿದೆವು.

ಮನೆಗೆ ಬಂದು ಅವ್ವನಿಗೆ ಹೇಳಿದೆ. ‘ಮಂದಿ ಮನಿ ಸುದ್ದಿ ನಮಗ್ಯಾಕಪಾ? ಅವ ಗಂಡ್ ಹುಡುಗ, ಬಡೀದ ಬೆಳೀತಾವೇನ?’ ಎಂದಳು ಅವ್ವ. ಅವಳು ಕಲ್ಲುಮನಸ್ಸಿನವಳಲ್ಲ. ಮರುದಿನ ಅವನಿಗೆಂದೇ ನನ್ನ ಡಬ್ಬಿಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಇಟ್ಟಿದ್ದಳು.

ಹೀಗೆ ಐದಾರು ಜನರ ಕೈಯಲ್ಲಿ ಸತ್ಯದ ಐದಾರು ಚೂರುಗಳಿದ್ದವು. ಯಾರೂ ಅವನ್ನು ಒಂದು ಕಡೆ ಜೋಡಿಸಲಿಲ್ಲ. ಒಂದು ದಿನ ಹಾಜರಿ ಕೂಗುವಾಗ ಶಿವು ‘ಬಂದೀನ್ರಿ’ ಎನ್ನಲಿಲ್ಲ. ಮರುದಿನವೂ ಇಲ್ಲ. ಸೊಲ್ಲಾಪುರದ ಕಡೆಯ ರೈಲು ಹತ್ತಿ ಹೋದನಂತೆ ಎಂದು ಊರಲ್ಲಿ ಸುದ್ದಿಯಾಯಿತು. ಹಾಜರಿ ಪುಸ್ತಕದಲ್ಲಿ ಕೆಲವು ದಿನ ‘ಗೈರು’ ಎಂದು ಬಿತ್ತು. ಆಮೇಲೆ ಆ ಸಾಲೂ ಇಲ್ಲವಾಯಿತು.

ನಮ್ಮ ಶಾಲೆಯ ಹೊರಗೋಡೆಯ ಮೇಲೆ ದೊಡ್ಡದಾಗಿ 1098 ಎಂದು ಬರೆದಿತ್ತು. ಆ ಅಂಕಿಗಳ ಕೆಳಗೆ ಇದ್ದಿಲಿನಿಂದ ಮೂರು ಗೆರೆ ಎಳೆದು ಸ್ಟಂಪ್ ಮಾಡಿಕೊಂಡು ನಾವು ಕ್ರಿಕೆಟ್ ಆಡುತ್ತಿದ್ದೆವು. ಶಿವು ಚೆನ್ನಾಗಿ ಬೌಲಿಂಗ್ ಮಾಡುತ್ತಿದ್ದ. ಚೆಂಡು ಎಷ್ಟೋ ಸಲ ಆ ನಂಬರಿಗೇ ಬಡಿದಿದೆ. ಅದು ಏನು ಎಂದು ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಅದು ಮಕ್ಕಳ ಸಹಾಯವಾಣಿ. 1996ರಲ್ಲಿ ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ, ಬೀದಿ ಮಕ್ಕಳಿಗೆಂದು ಶುರುವಾಗಿ ದೇಶವೆಲ್ಲ ಹರಡಿದ ಸೇವೆ. ಈಗ ಸರ್ಕಾರವೇ ಅದನ್ನು ನಡೆಸುತ್ತದೆ, ತುರ್ತು ಸಂಖ್ಯೆ 112ರ ಜೊತೆಗೂ ಜೋಡಿಸಿದೆ. ಕರೆಗೆ ದುಡ್ಡು ಬೀಳುವುದಿಲ್ಲ, ಹಗಲು ರಾತ್ರಿ ಎನ್ನದೆ ಮಾಡಬಹುದು. ಮಗುವೇ ಮಾಡಬಹುದು, ನೋಡಿದ ಯಾರೇ ಆದರೂ ಮಾಡಬಹುದು.

ಲಚ್ಯಾಣದ ಘಟನೆಯ ನಂತರ ಈ ವಿಷಯ ಓದತೊಡಗಿದೆ. ಓದಿದಷ್ಟೂ ಹೊಟ್ಟೆಯಲ್ಲಿ ಸಂಕಟ. ಶಿವು ಓಡಿಹೋಗುವ ಮೊದಲೇ ಅವನಿಗಾಗಿ ಎಲ್ಲವೂ ಇತ್ತು. 2015ರ ಬಾಲನ್ಯಾಯ ಕಾಯ್ದೆ ಇತ್ತು. ಮಗುವಿನ ಹೊಣೆ ಹೊತ್ತವರೇ ಅದನ್ನು ಹಿಂಸಿಸಿದರೆ ಅದರ 75ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು. ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿ ಇತ್ತು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಆ ಸಮಿತಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮಗು ಯಾರ ಬಳಿ ಇರಬೇಕು ಎಂದು ತೀರ್ಮಾನಿಸುವುದು ಅದೇ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ವಿಶೇಷ ಮಕ್ಕಳ ಪೊಲೀಸ್ ಘಟಕ, ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಊರಲ್ಲಿ ಅಂಗನವಾಡಿ, ಆಶಾ, ಶಾಲೆ, ಪಂಚಾಯಿತಿ. ಇಷ್ಟೆಲ್ಲ ಇದ್ದೂ ಒಬ್ಬ ಹುಡುಗ ಒಬ್ಬನೇ ರೈಲು ಹತ್ತಿದ.

ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಒಂದು ಸಾಮಾನ್ಯ ತೊಂದರೆ ಇದೆ. ಬೋರ್ಡಿನಲ್ಲಿ ಕುಳಿತ ಪ್ರತಿ ಬಿಡಿಭಾಗವನ್ನೂ ಮೀಟರ್ ಹಿಡಿದು ನೋಡುತ್ತೀರಿ. ಎಲ್ಲವೂ ಸರಿ ಇರುತ್ತವೆ. ಆದರೂ ದೀಪ ಹತ್ತುವುದಿಲ್ಲ. ಕೊನೆಗೆ ನೋಡಿದರೆ ಎಲ್ಲೋ ಒಂದು ಕಡೆ ಬೆಸುಗೆ ಸರಿಯಾಗಿ ಕೂತಿರುವುದಿಲ್ಲ. ಮೇಲಿಂದ ನೋಡಿದರೆ ಕೂಡಿದಂತೆಯೇ ಕಾಣುತ್ತದೆ, ಒಳಗೆ ಕರೆಂಟ್ ದಾಟುವುದಿಲ್ಲ. ಶಿವುವಿನ ವಿಷಯದಲ್ಲಿ ಆದದ್ದೂ ಇದೇ ಎಂದು ನನಗೆ ಅನಿಸುತ್ತದೆ.

ಇದು ನಮ್ಮ ಊರಿನ ರೋಗ ಮಾತ್ರ ಅಲ್ಲ. ಲಂಡನ್ನಿನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಕಿ 2000ದ ಫೆಬ್ರುವರಿಯಲ್ಲಿ ಸತ್ತಳು. ಆಫ್ರಿಕಾದ ಐವರಿ ಕೋಸ್ಟಿನಿಂದ ಒಳ್ಳೆಯ ಓದು ಸಿಗಲಿ ಎಂದು ತಂದೆತಾಯಿ ಸಂಬಂಧಿಕರ ಜೊತೆ ಕಳಿಸಿದ್ದ ಮಗು ಅದು. ಆ ಸಂಬಂಧಿ ಮತ್ತು ಆಕೆಯ ಜೊತೆಗಾರನೇ ಹಿಂಸಿಸಿ ಕೊಂದರು. ಲಾರ್ಡ್ ಲ್ಯಾಮಿಂಗ್ ನಡೆಸಿದ ವಿಚಾರಣೆಯ ವರದಿ 2003ರಲ್ಲಿ ಬಂತು. ಸಮಾಜ ಸೇವಾ ಇಲಾಖೆಗಳು, ಪೊಲೀಸರು, ಎರಡು ಆಸ್ಪತ್ರೆಗಳು, ಮಕ್ಕಳ ಸಂಸ್ಥೆ ಎಲ್ಲರಿಗೂ ಆ ಮಗು ಒಂದಲ್ಲ ಒಂದು ಹೊತ್ತಿನಲ್ಲಿ ಎದುರಾಗಿತ್ತು. ಅವಳನ್ನು ಉಳಿಸಿಕೊಳ್ಳಲು ಕನಿಷ್ಠ 12 ಅವಕಾಶಗಳಿದ್ದವು, ಹನ್ನೆರಡೂ ಕೈತಪ್ಪಿದವು ಎಂದು ವರದಿ ಹೇಳಿತು. ಆ ದೇಶ 2004ರಲ್ಲಿ ಮಕ್ಕಳ ಕಾನೂನನ್ನೇ ಬದಲಿಸಿ, ಇಲಾಖೆಗಳು ಕೂಡಿ ಕೆಲಸ ಮಾಡುವುದನ್ನು ಕಡ್ಡಾಯ ಮಾಡಿತು. ಓದಿಗೆಂದು ಸಂಬಂಧಿಕರ ಬಳಿ ಬಿಟ್ಟ ಮಗು ಎಂಬಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಹೊರಗೆ ಹೋಗಿ ನಿಂತುಕೊಂಡೆ.

ಗಂಡು ಹುಡುಗ ಎಂದ ಕೂಡಲೇ ನಾವು ಸುಮ್ಮನಾಗುತ್ತೇವೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಒಂದು ಅಧ್ಯಯನ ಪ್ರಕಟಿಸಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಗಂಡುಮಕ್ಕಳೇ ತುಸು ಹೆಚ್ಚು. ಬಹಳಷ್ಟು ಮಕ್ಕಳು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. 2012ರ ನವೆಂಬರ್ 14ರಂದು, ಅಂದರೆ ಮಕ್ಕಳ ದಿನದಂದೇ ಜಾರಿಗೆ ಬಂದ ಪೋಕ್ಸೊ ಕಾಯ್ದೆ ಹುಡುಗ ಹುಡುಗಿ ಇಬ್ಬರನ್ನೂ ಸಮನಾಗಿ ಕಾಯುತ್ತದೆ. ಈ ಮಾತು ಎಷ್ಟು ಮನೆಗಳಿಗೆ ಗೊತ್ತು?

ಆ ಕಾಯ್ದೆಯನ್ನು ಪೂರ್ತಿ ಓದಿದಾಗ ಅದನ್ನು ಬರೆದವರು ಮಗುವಿನ ಕಡೆ ಕುಳಿತು ಬರೆದಿದ್ದಾರೆ ಅನಿಸಿತು. ಹೇಳಿಕೆ ಪಡೆಯುವಾಗ ಪೊಲೀಸರು ಸಮವಸ್ತ್ರದಲ್ಲಿ ಇರಕೂಡದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳಕೂಡದು. ದೂರು ಬಂದ 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು. ನ್ಯಾಯಾಲಯದಲ್ಲಿ ಮಗು ಆರೋಪಿಯ ಎದುರು ಬೀಳದಂತೆ ನೋಡಿಕೊಳ್ಳಬೇಕು. 2020ರ ನಿಯಮಗಳ ಪ್ರಕಾರ ಪ್ರಕರಣ ಮುಗಿಯುವವರೆಗೆ ಮಗುವಿನ ಜೊತೆ ಓಡಾಡಲು, ಧೈರ್ಯ ಹೇಳಲು ಸಮಿತಿಯು ಒಬ್ಬ ಬೆಂಬಲ ವ್ಯಕ್ತಿಯನ್ನು ಕೊಡಬಹುದು. ಅಂದರೆ ಪೊಲೀಸ್, ಸಮಿತಿ, ವೈದ್ಯರು, ನ್ಯಾಯಾಲಯ ಎಲ್ಲರೂ ಒಂದೇ ಮಗುವಿನ ಸುತ್ತ ನಿಲ್ಲಬೇಕು ಎಂಬುದು ಕಾನೂನಿನ ಆಸೆ. ಲಚ್ಯಾಣದ ಹೊಲದಲ್ಲಿ ನಿಂತಿದ್ದರಲ್ಲ, ಹಾಗೆ.

ಆದರೆ ನಮ್ಮ ಜಿಲ್ಲೆಯ ನಕಾಶೆ ಒಮ್ಮೆ ನೋಡಿ. ಸಮಿತಿ, ರಕ್ಷಣಾ ಘಟಕ, ಜಿಲ್ಲಾ ಆಸ್ಪತ್ರೆ ಎಲ್ಲವೂ ವಿಜಯಪುರದಲ್ಲಿ. ಬಸವನ ಬಾಗೇವಾಡಿಯಿಂದ ಅಲ್ಲಿಗೆ 40 ಕಿಲೊಮೀಟರಿಗೂ ಹೆಚ್ಚು, ಇಂಡಿ ಮತ್ತು ಸಿಂದಗಿಯಿಂದ 50–60, ಮುದ್ದೇಬಿಹಾಳದಿಂದ 80ರ ಆಸುಪಾಸು. ಇದು ತಾಲ್ಲೂಕು ಕೇಂದ್ರದ ಲೆಕ್ಕ. ಹಳ್ಳಿಯಿಂದ ತಾಲ್ಲೂಕಿಗೆ ಬರುವ ಬಸ್ಸು ಬೇರೆ. ಕೂಲಿ ಮಾಡುವ ತಾಯಿ ಮಗುವನ್ನು ಕರೆದುಕೊಂಡು ಹೋಗಿ ಬರಲು ಒಂದು ದಿನದ ಪಗಾರ ಬಿಡಬೇಕು. ಒಂದು ಸಲ ಬಿಡಬಹುದು. ನಾಲ್ಕು ಸಲ? ಹಾಗಾಗಿ ಈ ನಾಲ್ಕು ತಾಲ್ಲೂಕುಗಳಲ್ಲಿ ಮಗುವಿನ ರಕ್ಷಣೆ ಶುರುವಾಗಬೇಕಾದದ್ದು ಜಿಲ್ಲಾ ಕೇಂದ್ರದಲ್ಲಿ ಅಲ್ಲ, ನಮ್ಮ ಓಣಿಯಲ್ಲಿ. ದೂರದವರು ಓಡಿಬರಬೇಕಾದರೆ ಹತ್ತಿರದವರು ಮೊದಲು ಕೂಗಬೇಕು. ಲಚ್ಯಾಣದಲ್ಲೂ ಕೂಸು ಬಿದ್ದ ಸುದ್ದಿ ಮುಟ್ಟಿದ ಮೇಲೆಯೇ ತಂಡಗಳು ಬಂದದ್ದು.

ಇದನ್ನೆಲ್ಲ ದೊಡ್ಡ ಉತ್ಸಾಹದಿಂದ ನಮ್ಮ ಚಿಕ್ಕವ್ವನ ಮುಂದೆ ಹೇಳಿದೆ. ಅವಳು ಅಂಗನವಾಡಿ ಕಾರ್ಯಕರ್ತೆ. ಸುಮ್ಮನೆ ಕೇಳಿಸಿಕೊಂಡು ಒಂದೇ ಮಾತು ಅಂದಳು: ‘ತಮ್ಮಾ, ನೀ ವಿಜಾಪುರದಾಗ ಕುಂತು ಹೇಳ್ತಿ. ನಾ ಫೋನ್ ಮಾಡೀನಿ ಅಂತ ಗೊತ್ತಾದ್ರ ನಾಳಿ ಮುಂಜಾನೆ ಅದ ಓಣ್ಯಾಗ ನಾ ಹೆಂಗ ಅಡ್ಡಾಡ್ಲಿ?’

ನನ್ನ ಬಳಿ ತಕ್ಷಣ ಉತ್ತರ ಇರಲಿಲ್ಲ. ಅವಳ ಭಯ ಸುಳ್ಳಲ್ಲ. ಆ ಮನೆಯ ಮಗುವಿಗೆ ಮೊಟ್ಟೆ ಕೊಡುವವಳು, ಆ ಮನೆಯ ಬಾಣಂತಿಯ ತೂಕ ನೋಡುವವಳು ಅವಳೇ. ಒಬ್ಬಳನ್ನೇ ಮುಂದೆ ತಳ್ಳಿ ‘ನೀ ಧೈರ್ಯ ಮಾಡು’ ಎನ್ನುವುದು ಅನ್ಯಾಯ. ಆಮೇಲೆ ಯೋಚಿಸಿದಾಗ ಕಂಡದ್ದು, ಕಾನೂನು ಈ ಭಯವನ್ನೂ ಲೆಕ್ಕಕ್ಕೆ ಹಿಡಿದಿದೆ ಎಂಬುದು. ಪೋಕ್ಸೊ ಕಾಯ್ದೆಯ 19ನೇ ಕಲಮು ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದ ಪ್ರತಿಯೊಬ್ಬರೂ ತಿಳಿಸಲೇಬೇಕು ಎನ್ನುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಶಿಕ್ಷೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕೇಸೂ ನಿಲ್ಲುವುದಿಲ್ಲ. ಇದನ್ನು ಹೆದರಿಸುವ ಕಲಮು ಎಂದು ಓದಬಹುದು. ನಾನು ಅದನ್ನು ಆಸರೆ ಎಂದು ಓದುತ್ತೇನೆ. ‘ನಾ ಚಾಡಿ ಹೇಳಲಿಲ್ಲ, ಹೇಳದಿದ್ದರೆ ನನಗೇ ಜೈಲು ಆಗ್ತಿತ್ತು’ ಎಂದು ಹೇಳಿಕೊಳ್ಳಲು ಅದು ಒಂದು ದಾರಿ.

ಅದಕ್ಕಿಂತ ಮುಖ್ಯವಾದದ್ದು, ಒಬ್ಬರೇ ಹೇಳುವ ಬದಲು ಕೂಡಿ ಹೇಳುವುದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಹಳ್ಳಿ ಮಟ್ಟದಲ್ಲೂ ಮಕ್ಕಳ ರಕ್ಷಣಾ ಸಮಿತಿ ಇರಬೇಕು ಎಂದಿದೆ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಂಥ ಸಭೆಯಲ್ಲಿ ಅಕ್ಕೋರು, ಆಶಾ, ಅಂಗನವಾಡಿಯವರು, ಬಿಸಿಯೂಟದವರು, ಬೀಟ್ ಪೊಲೀಸರು ತಿಂಗಳಿಗೊಮ್ಮೆ ಅರ್ಧ ತಾಸು ಎದುರಾಬದುರು ಕುಳಿತು ‘ಈ ತಿಂಗಳು ನಿಮಗೆ ಯಾವ ಮಗುವಿನ ಬಗ್ಗೆ ಚಿಂತೆ ಆಯ್ತು?’ ಎಂದು ಒಂದೇ ಪ್ರಶ್ನೆ ಕೇಳಿಕೊಂಡಿದ್ದರೆ? ಒಬ್ಬರು ‘ತೂಕಡಿಸುತ್ತಾನೆ’ ಎನ್ನುತ್ತಿದ್ದರು. ಇನ್ನೊಬ್ಬರು ‘ಉಪವಾಸ ಇರ್ತಾನೆ’. ಮತ್ತೊಬ್ಬರು ‘ಕೈ ಸುಟ್ಟಿತ್ತು’. ನಾಲ್ಕನೆಯವರು ಬಾಯಿ ತೆರೆಯುವ ಹೊತ್ತಿಗೆ ಶಿವುವಿನ ಬೆನ್ನು ನೋಡಬೇಕೆಂದು ಯಾರಿಗಾದರೂ ಹೊಳೆದೇ ಹೊಳೆಯುತ್ತಿತ್ತು.

ಕಳೆದ ವರ್ಷ ಊರ ಜಾತ್ರೆಯಲ್ಲಿ ಶಿವು ಸಿಕ್ಕ. ಗುರುತೇ ಹತ್ತಲಿಲ್ಲ. ಪುಣೆಯ ಒಂದು ಹೋಟೆಲಿನಲ್ಲಿ ಕೆಲಸ. ಎತ್ತರ ಬೆಳೆದಿದ್ದ, ಮಾತಿನಲ್ಲಿ ಮರಾಠಿ ಬೆರೆತಿತ್ತು. ತೇರಿನ ಹಿಂದೆ ನಿಂತು ಮಿರ್ಚಿ ಭಜಿ ತಿಂದೆವು. ನಾನು ಬಿಇ ಓದುತ್ತಿರುವುದು ಕೇಳಿ ಖುಷಿಪಟ್ಟ. ಹೊರಡುವಾಗ ಧೈರ್ಯ ಮಾಡಿ ಅಂದೆ, ‘ಆಗ ನಾ ಏನರ ಮಾಡಬೇಕಾಗಿತ್ತು.’

ಅವನು ಸ್ವಲ್ಪ ಹೊತ್ತು ತೇರಿನ ಕಡೆಗೇ ನೋಡುತ್ತಿದ್ದ. ‘ನೀ ಏನ್ ಮಾಡ್ತಿದ್ದಿ ಬಿಡೋ, ನೀನೂ ಸಣ್ಣಾಂವ’ ಅಂದ. ಮತ್ತೆ, ತುಂಬ ಮೆಲ್ಲಗೆ, ‘ಆದ್ರ ಬಾವ್ಯಾಗ ಈಜೂ ದಿನ ನೀ ನೋಡಿದ್ದಿ ಅಲಾ? ಇವನರ ಯಾರಿಗೆರೆ ಹೇಳ್ತಾನ ಅಂತ ಒಂದ್ ವಾರ ದಾರಿ ನೋಡೀನಿ’ ಅಂದ.

ನಾನು ಹೇಳಿದ್ದೆ. ಆದರೆ ಒಬ್ಬರಿಗೆ ಮಾತ್ರ, ಒಂದೇ ಸಲ. ಅದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ.

ಈ ಲೇಖನ ಬರೆಯುವ ಹೊತ್ತಿಗೆ ದೀಪಾವಳಿ ಮುಗಿದಿದೆ. ಗ್ಯಾಂಗುಗಳು ಊರು ಬಿಟ್ಟಿವೆ. ರಜೆಗೆ ಹೋದಾಗ ನಾನು, ಚಿಕ್ಕವ್ವ ಸೇರಿ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದೆವು. ಈ ವರ್ಷ ನಮ್ಮ ಓಣಿಯಲ್ಲಿ ಅಪ್ಪ ಅವ್ವ ಇಲ್ಲದೆ ಉಳಿದ ಮಕ್ಕಳು ಯಾರು, ಯಾರ ಮನೆಯಲ್ಲಿದ್ದಾರೆ, ಯಾವ ತರಗತಿ, ಅಪ್ಪ ಅವ್ವನ ಫೋನ್ ನಂಬರ್ ಯಾವುದು ಎಂದು. ಹನ್ನೊಂದು ಹೆಸರುಗಳಾದವು. ಪಟ್ಟಿಯನ್ನು ಊರ ಮಂದಿಗೆ ತೋರಿಸುವಂತಿಲ್ಲ. ಆದರೆ ಶಾಲೆಯ ಮುಖ್ಯ ಗುರುಗಳು, ಆಶಾ, ಚಿಕ್ಕವ್ವ ಈ ಮೂವರಿಗೂ ಈಗ ಅದು ಗೊತ್ತಿದೆ. ಋತುಮಾನದ ವಸತಿ ನಿಲಯಕ್ಕೆ ಯಾರನ್ನಾದರೂ ಸೇರಿಸಬಹುದೇ ಎಂದು ಗುರುಗಳು ಶಿಕ್ಷಣ ಇಲಾಖೆಯಲ್ಲಿ ವಿಚಾರಿಸುತ್ತೇನೆ ಎಂದಿದ್ದಾರೆ. ವಾರಕ್ಕೊಮ್ಮೆ ಮೂವರೂ ಆ ಹನ್ನೊಂದು ಮಕ್ಕಳನ್ನು ಮಾತಾಡಿಸಬೇಕು, ಯಾರಿಗಾದರೂ ಅನುಮಾನ ಬಂದರೆ ಮೂವರೂ ಕೂಡಿ 1098ಕ್ಕೆ ಕರೆ ಮಾಡಬೇಕು ಎಂಬುದು ಒಪ್ಪಂದ. ‘ಮೂರು ಮಂದಿ ಇದ್ರ ನನಗೂ ಅಂಜಿಕಿ ಇಲ್ಲ’ ಎಂದಳು ಚಿಕ್ಕವ್ವ.

ಓದುಗ ಗೆಳೆಯರೇ, ನಿಮ್ಮ ಓಣಿಯಲ್ಲೂ ಒಂದು ಪಟ್ಟಿ ಆಗಬಹುದು. ಅದಕ್ಕೆ ಒಂದು ನೋಟ್‌ಬುಕ್ ಸಾಕು.

ಬರುವ ಮುನ್ನ ಶಾಲೆಯ ಕಡೆ ಹೋಗಿದ್ದೆ. ಗೋಡೆಗೆ ಸುಣ್ಣ ಬಳಿದಿದ್ದರು. 1098 ಮಸುಕಾಗಿ ಮಾತ್ರ ಕಾಣುತ್ತಿತ್ತು, ಅದರ ಕೆಳಗೆ ಯಾರೋ ಹೊಸದಾಗಿ ಸ್ಟಂಪಿನ ಗೆರೆ ಎಳೆದಿದ್ದರು. ಅಂಗಡಿಯಿಂದ ಒಂದು ಸಣ್ಣ ಡಬ್ಬಿ ಕೆಂಪು ಬಣ್ಣ ತಂದು ಗುರುಗಳ ಅನುಮತಿ ಪಡೆದು ಅಂಕಿಗಳನ್ನು ಮತ್ತೆ ತಿದ್ದಿದೆ. ಆಡುತ್ತಿದ್ದ ಹುಡುಗರು ಸುತ್ತ ಬಂದು ನಿಂತರು. ಅವರಲ್ಲಿ ಒಬ್ಬ ಕೇಳಿದ, ‘ಅಣ್ಣಾ, ಇದು ಯಾರ ನಂಬರ್?’

ಬ್ರಷ್ ಕೆಳಗಿಟ್ಟು, ಅಲ್ಲೇ ಕುಳಿತು, ಅವರಿಗೆ ಹೇಳಿದೆ.